ಸೌಡಿ ತಾಯಪ್ಪನ ಚಷ್ಮಾ

ತಾಯಪ್ಪ ಎಮ್ಮೆಗೆ ನಮಸ್ಕಾರ ಮಾಡುತ್ತಿದ್ದ ಎಂದರೆ ಜನ ನಂಬುವುದಿಲ್ಲ. ನಾನು ಕಣ್ಣಾರೆ ಕಂಡವಳು. ಭೀಮರಾಯನಗುಡಿ ಕ್ಯಾಂಪಿನಲ್ಲಿ ನಮ್ಮ ಕಾಲುವೆ ಆಫೀಸಿನ ಗೇಟಿನ ಹತ್ತಿರ ಒಂದು ಎಮ್ಮೆ ನಿಂತು ಮೆಲುಕು ಹಾಕುತ್ತಿತ್ತು. ತಾಯಪ್ಪ ಸೈಕಲ್ಲಿನಿಂದ ಇಳಿದ, ರುಮಾಲು ಸರಿಮಾಡಿಕೊಂಡ, ದೂರದಿಂದಲೇ ಬಗ್ಗಿ "ಶರಣ್ರೀ ಸಾಹೇಬ್ರ" ಅಂದ. ಎಮ್ಮೆ ಬಾಲ ಬೀಸಿತು. ಇವನು ಹಿಂದಿನ ಬಾಗಿಲಿಂದ ಒಳಗೆ ಬಂದು ನನ್ನ ಮೇಜಿನ ಹತ್ತಿರ ಪಿಸುಗುಟ್ಟಿದ: "ಅಕ್ಕೋರ, ಸಾಹೇಬ್ರು ಗೇಟಿನ್ಯಾಗ ನಿಂತಾರ. ಸಿಟ್ಟಿನ್ಯಾಗ ಅದಾರ ಕಾಣತದ, ಮಾತಾಡವಲ್ರು." ಕಿಟಕಿಯಿಂದ ನೋಡಿದೆ. ಆಮೇಲೆ ಬಹಳ ಹೊತ್ತು ನನ್ನ ಬೆರಳಿಗೂ ಟೈಪ್‌ರೈಟರಿಗೂ ಸಂಬಂಧವೇ ಇರಲಿಲ್ಲ.

ನಾನು ಆ ಆಫೀಸಿನ ಟೈಪಿಸ್ಟ್. ಕೃಷ್ಣೆಯ ನೀರು ಕಾಲುವೆಗೆ ಬಂದು ಇನ್ನೂ ಹೊಸತು. ಜೋಳ ಬಿತ್ತುತ್ತಿದ್ದವರೆಲ್ಲ ಭತ್ತ ಹಚ್ಚಲು ಶುರುಮಾಡಿ, ಮೊಣಕಾಲ ಮಟ್ಟ ಕೆಸರಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದ ಕಾಲ. ನಾನು ಸಾಲಿಗೆ ಹೋಗುವಾಗಿನಿಂದ ಚಷ್ಮಾ ಹಾಕಿದವಳು. ನನ್ನ ಚಷ್ಮಾದ ಬಗ್ಗೆ ಆಫೀಸಿನಲ್ಲಿ ಯಾರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ, ಯಾಕೆಂದರೆ ಎಲ್ಲರ ರಜೆ ಅರ್ಜಿ ನನ್ನ ಮಷೀನಿನಿಂದಲೇ ಹೊರಗೆ ಬರಬೇಕಿತ್ತು. ತಾಯಪ್ಪನಿಗೆ ಅಂಥ ಆಯುಧ ಏನೂ ಇರಲಿಲ್ಲ.

ಅವನು ಸೌಡಿ. ಕಾಲುವೆ ದಂಡೆಯ ಮೇಲೆ ಕೋಲು ಹಿಡಿದು ನಡೆಯುವುದು, ನೀರು ಯಾರೂ ಕದಿಯದಂತೆ ಕಾಯುವುದು, ಕೊನೆಯ ಊರಿನ ತನಕ ಮುಟ್ಟಿಸುವುದು ಅವನ ಕೆಲಸ. ನಡಿಗೆ ಎಂದರೆ ಅವನಿಗೆ ಪ್ರಾಣ. ಬಿಸಿಲಿರಲಿ, ಕೆಸರಿರಲಿ, ದಂಡೆ ಹತ್ತಿದನೆಂದರೆ ಮದುಮಗನ ಗತ್ತು. ದೂರದ್ದು ಒಂದೂ ಕಾಣುತ್ತಿರಲಿಲ್ಲ, ಆದರೆ ಅದು ತನ್ನ ಕಣ್ಣಿನ ದೋಷ ಅಂತ ಅವನಿಗೆ ಹೊಳೆದೇ ಇರಲಿಲ್ಲ. "ದೂರಿದ್ದದ್ದು ಮಬ್ಬ ಇರತದ್ರಿ ಅಕ್ಕೋರ. ಅದಕ್ಕಽ ಅದಕ್ಕ ದೂರ ಅಂತಾರ" ಎಂದು ನನಗೇ ಪಾಠ ಹೇಳಿದ್ದ. ಎದುರಿಗೆ ಬಂದದ್ದು ಮನುಷ್ಯರೋ ಮತ್ತೊಂದೋ ಗೊತ್ತಾಗದಿದ್ದರೆ ಇರಲಿ ಅಂತ ಒಂದು ನಮಸ್ಕಾರ ಹಾಕಿಬಿಡುತ್ತಿದ್ದ. ಹೀಗಾಗಿ ಆ ಭಾಗದಲ್ಲಿ ಅವನಷ್ಟು ವಿನಯವಂತ ಇನ್ನೊಬ್ಬ ಇಲ್ಲ ಎಂದು ಹೆಸರು ಬಂದಿತ್ತು.

ಆಫೀಸಿನಲ್ಲಿ ಇದೆಲ್ಲ ದಿನದ ತಮಾಷೆ. ತಮಾಷೆಯ ಮುಖಂಡ ಲಾಲಪ್ಪ, ನಮ್ಮ ವರ್ಕ್ ಇನ್‌ಸ್ಪೆಕ್ಟರ್. ಮೀಸೆಗೆ ಎಣ್ಣೆ ಹಚ್ಚುವ ಆಸಾಮಿ. ಮೂಲೆಯ ನೀರಿನ ಡ್ರಮ್ಮಿಗೆ ಯಾರದೋ ಹಳೇ ಸೀರೆ ಹೊದಿಸಿ, "ತಾಯಪ್ಪ, ನಿನ್ನ ಹೆಂಡ್ತಿ ಬಂದು ಕುಂತಾಳ ನೋಡು" ಅನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ತಾಯಪ್ಪನೂ ನಗುತ್ತಿದ್ದ, ಎಲ್ಲರಿಗಿಂತ ಸ್ವಲ್ಪ ತಡವಾಗಿ. ಆ ತಡವಾದ ನಗು ಕಂಡರೆ ನನಗೆ ಮೈ ಉರಿಯುತ್ತಿತ್ತು.

ಹೀಗಿರುವಾಗ ದೇವಾಪುರದ ತನಕ ನೀರು ಮುಟ್ಟುವುದು ನಿಂತುಹೋಯಿತು. ನಮ್ಮ ಕಾಲುವೆಯ ಕೊನೆಗಿರುವ ಊರು ಅದು. ತಾಯಪ್ಪನ ಅಕ್ಕ ಭೀಮವ್ವನನ್ನು ಕೊಟ್ಟದ್ದು ಅಲ್ಲಿಗೇ. ಆಕೆ ಒಂದು ದಿನ ಬಸ್ಸು ಹತ್ತಿ ಸೀದಾ ಆಫೀಸಿಗೆ ಬಂದು, ಎಲ್ಲರ ಎದುರು ತಮ್ಮನ ಮುಂದೆ ಒಣಗಿದ ಭತ್ತದ ಸಸಿಯ ಕಟ್ಟು ಒಗೆದಳು. "ತಮ್ಮ ನೀರು ಕಾಯ್ತಾನ ಅಂತ ಊರ ಮುಂದ ಎದಿ ಸೆಟಿಸಿ ಭತ್ತ ಹಚ್ಚಿದೆ. ಈಗ ಊರಾನವರು ನನ್ನ ಮಾರಿ ನೋಡಿ ನಗಾಕತ್ಯಾರ. ಏನ್ ಕಾಯ್ತಿ ನೀನು, ಮಣ್ಣು?" ಅಂದಳು. ಸಾಹೇಬರು ಒಳಗಿನಿಂದ ಎಲ್ಲ ಕೇಳಿಸಿಕೊಂಡರು. ಹೊರಗೆ ಬಂದು ಶಾಂತವಾಗಿಯೇ ಹೇಳಿದರು: ಮುಂದೆ ಕಾಲುವೆಗೆ ನೀರು ಬಿಡುವ ಸರದಿಯಲ್ಲಿ ದೇವಾಪುರಕ್ಕೆ ನೀರು ಮುಟ್ಟದಿದ್ದರೆ ತಾಯಪ್ಪನ ಕೋಲು ಬೇರೆಯವರಿಗೆ, ತಾಯಪ್ಪನಿಗೆ ಆಫೀಸಿನಲ್ಲಿ ಸ್ಟೂಲು. ದಿನವಿಡೀ ಲಾಲಪ್ಪನ ಬಾಯಿಯ ಎದುರು ಸ್ಟೂಲಿನ ಮೇಲೆ ಕೂರುವುದು! ತಾಯಪ್ಪನ ಮುಖ ಸುಣ್ಣ ಬಳಿದಂತಾಯಿತು.

"ದಂಡಿ ಗುಂಟ ದಿನಾ ನಡೀತೀನ್ರಿ ಅಕ್ಕೋರ. ಒಂದು ಪೈಪ್ ಕಂಡಿಲ್ಲ ಇಲ್ಲೀತನ" ಎಂದು ನನ್ನ ಮುಂದೆ ಗೋಳಾಡಿದ. ಖರೆ ಹೇಳಿದ ಪಾಪ. ಕಂಡಿರಲಿಲ್ಲ.

ಕಳ್ಳತನದ ರೀತಿ ಸರಳ. ಒಂದು ಕರೀ ಪೈಪು ತಂದು, ಒಂದು ತುದಿ ಕಾಲುವೆಯಲ್ಲಿ ಮುಳುಗಿಸಿ, ದಂಡೆಯ ಮೇಲಿಂದ ಹಾಯಿಸಿ, ಇನ್ನೊಂದು ತುದಿಯನ್ನು ಹೊಲಕ್ಕೆ ಇಳಿಬಿಟ್ಟು ಬಾಯಿಂದ ಎಳೆದರೆ ಸಾಕು, ನೀರು ತಾನೇ ಹರಿಯುತ್ತದೆ. ಸದ್ದಿಲ್ಲ, ಹೊಗೆಯಿಲ್ಲ. ಸಾಹೇಬರ ಜೀಪು ಬಂದರೆ ಧೂಳು ದೂರದಿಂದಲೇ ಕಾಣುತ್ತದೆ, ಅಷ್ಟರಲ್ಲಿ ಪೈಪು ಎಳೆದು ಜೋಳದ ಕಣಿಕೆಯೊಳಗೆ ಮುಚ್ಚಿಡಬಹುದು. ಧೂಳೆಬ್ಬಿಸದೆ ಬರುವವನು ತಾಯಪ್ಪ ಒಬ್ಬನೇ. ಅವನು ನಡೆಯುವುದು ಎಡದಂಡೆ, ಪೈಪುಗಳಿರುವುದು ಬಲದಂಡೆ. ನಡುವೆ ಕಾಲುವೆಯಷ್ಟು ಅಗಲದ ಮಬ್ಬು.

ಅವನನ್ನೂ ಅವನ ಹೆಂಡತಿ ಮಲಕಮ್ಮನನ್ನೂ ಯಾದಗಿರಿ ಬಸ್ಸಿಗೆ ಹತ್ತಿಸಿದವಳು ನಾನೇ, ಜೊತೆಗೆ ಹೋದವಳೂ ನಾನೇ. ಕಣ್ಣಿನ ಡಾಕ್ಟರು, "ಗ್ವಾಡಿ ಮ್ಯಾಲಿನ ಅಕ್ಷರ ಓದು" ಎಂದರು. ತಾಯಪ್ಪ ಕೈಮುಗಿದು, "ಗ್ವಾಡಿ ಯಾ ಕಡಿ ಅದ್ರಿ?" ಎಂದ. ಡಾಕ್ಟರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಈ ಮನುಷ್ಯ ಸೈಕಲ್ ಹೊಡೆಯುತ್ತಾನೆಂದು ನಾನು ಅವರಿಗೆ ಹೇಳಲಿಲ್ಲ.

ಚಷ್ಮಾ ತಯಾರಾಗಿ ಬಂದ ದಿನ ಯಾದಗಿರಿ ಬಸ್‌ಸ್ಟ್ಯಾಂಡಿನಲ್ಲಿ ನಡೆದದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಬೇವಿನ ಗಿಡದ ಕೆಳಗೆ ನಿಂತು, "ಎಲಿ ಬ್ಯಾರೆ ಬ್ಯಾರೆ ಅದಾವಲ್ರಿ!" ಎಂದ. ಗಿಡವೆಂದರೆ ಒಂದು ಹಸಿರು ಮುದ್ದೆ ಎಂದುಕೊಂಡಿದ್ದನಂತೆ. ಅಂಗಡಿಯ ಬೋರ್ಡುಗಳನ್ನು ಗಟ್ಟಿಯಾಗಿ ಓದತೊಡಗಿದ, ಬೀಡಿ ಜಾಹೀರಾತನ್ನೂ ಬಿಡಲಿಲ್ಲ. ಕಂಡಕ್ಟರು ಬಸ್ಸಿನ ಊರು ಕೂಗುವ ಮೊದಲೇ ಇವನು ಬೋರ್ಡು ನೋಡಿ ಕೂಗುತ್ತಿದ್ದ. ಗುರುಮಠಕಲ್ಲಿಗೆ ಹೊರಟ ಒಬ್ಬ ಅಜ್ಜಿ ಇವನೇ ಕಂಡಕ್ಟರ್ ಎಂದುಕೊಂಡು ತೆಲುಗಿನಲ್ಲಿ ಜಗಳಕ್ಕೆ ನಿಂತಳು.

ಅಷ್ಟರಲ್ಲಿ ನೀರು ಕುಡಿಯಲು ಹೋಗಿದ್ದ ಮಲಕಮ್ಮ ಸ್ಟ್ಯಾಂಡಿನ ಆ ತುದಿಯಿಂದ ಬರುತ್ತಿದ್ದಳು. ತಾಯಪ್ಪ ಬೋರ್ಡು ಓದುವುದನ್ನು ಬಿಟ್ಟು ಆ ಕಡೆ ತಿರುಗಿದ. ಹತ್ತಿರದಿಂದ ಅವಳನ್ನು ಎಷ್ಟೋ ಕಂಡಿದ್ದ. ದೂರದಿಂದ ನಡೆದು ಬರುವುದನ್ನು ಲಗ್ನವಾದ ಮೇಲೆ ಮೊದಲ ಸಲ ನೋಡಿದ್ದು. "ಮಲಕವ್ವ, ಹೊಳ್ಳಿ ಹೋಗಿ ಇನ್ನೊಮ್ಮಿ ಬಾ" ಎಂದ. "ತಲಿ ಕೆಟ್ಟದೇನು" ಎಂದು ಬೈದಳು. ಬೈಯುತ್ತಲೇ ಹೋದಳು, ಸೆರಗು ಸರಿಮಾಡಿಕೊಂಡು ಮತ್ತೆ ಬಂದಳು. ಆಮೇಲೆ ಇನ್ನೂ ಒಮ್ಮೆ, ಈ ಸಲ ಅವನು ಕೇಳದೆಯೇ. ನಾನು ಬೇರೆ ಕಡೆ ನೋಡುತ್ತ ಕಡಲೆ ತಿಂದೆ. ನನಗೂ ಖುಷಿಯಾಗಿತ್ತು.

ಮರುದಿನ ಆಫೀಸಿನಲ್ಲಿ ಆ ಖುಷಿಗೆ ಲಾಲಪ್ಪ ನೀರು ಹೊಯ್ದ. ತಾಯಪ್ಪ ಚಷ್ಮಾ ಹಾಕಿಕೊಂಡು ಬಾಗಿಲಲ್ಲಿ ಕಾಣಿಸಿದ್ದೇ ತಡ, ಎದ್ದು ನಿಂತು ಟವೆಲ್ಲಿನಿಂದ ಕುರ್ಚಿ ಒರೆಸಿದ. "ಬರ್ರಿ ಡಾಕ್ಟರ್ ಸಾಹೇಬ್ರ, ನನ್ನ ನಾಡಿ ನೋಡ್ರಿ" ಎಂದು ಕೈ ಚಾಚಿದ. ಸೋಡಾಬುಡ್ಡಿ ಎಂದ. ನಗು ಮುಗಿದ ಮೇಲೆ ಹತ್ತಿರ ಕರೆದು, ತಂಗಿಯನ್ನು ಕೊಟ್ಟವನಷ್ಟು ಪ್ರೀತಿಯಿಂದ ಬುದ್ಧಿ ಹೇಳಿದ: "ಚಷ್ಮಾ ಹಾಕ್ಕೊಂಡ್ರ ಇದ್ದ ಕಣ್ಣೂ ಹೋಗ್ತಾವ ತಾಯಪ್ಪ. ನಮ್ಮ ಸ್ವಾದರಮಾವಂದು ಹಂಗಽ ಆತು. ದಂಡಿ ಮ್ಯಾಲಂತೂ ಹಾಕ್ಕೋಬ್ಯಾಡ, ಬಿಸಲಿನ್ಯಾಗ ಗಾಜು ಕಣ್ಣು ಸುಡ್ತದ." ನಾನು ಕಾರ್ಬನ್ ಪೇಪರ್ ಉಂಡೆ ಮಾಡಿ ಲಾಲಪ್ಪನ ಮುಖಕ್ಕೆ ಒಗೆದೆ. ಮೂಗು ಕಪ್ಪಾಯಿತು, ಬಾಯಿ ಮುಚ್ಚಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಚಷ್ಮಾ ತಾಯಪ್ಪನ ಅಂಗಿಯ ಕಿಸೆಗೆ ಇಳಿದಿತ್ತು. ಆಮೇಲೆ ಮನೆಯಲ್ಲಿ ಮಾತ್ರ ಹಾಕುತ್ತಿದ್ದ. ಅಂಗಳದಲ್ಲಿ ಕೂತು ಹೆಂಡತಿ ನೀರು ತರುವುದನ್ನು ನೋಡುತ್ತಿದ್ದ.

ಸರದಿ ಬಂತು. ನೀರು ಬಿಟ್ಟರು. ತಾಯಪ್ಪ ಕೋಲು ಹಿಡಿದು ಹೊರಡುವಾಗ ಮಲಕಮ್ಮ ಬಾಗಿಲಿಗೆ ಅಡ್ಡ ನಿಂತಳು. ಅವನ ಕಿಸೆಯಿಂದ ಚಷ್ಮಾ ತೆಗೆದು ಮೂಗಿನ ಮೇಲೆ ಕೂರಿಸಿ, ತನ್ನ ಲಂಗದ ಲಾಡಿ ಅದರ ಎರಡೂ ಕಡ್ಡಿಗೆ ಬಿಗಿದು, ಹಿಂದೆ ಹೆಡಕಿನ ಮೇಲೆ ಗಂಟು ಹಾಕಿದಳು. ಹೊರೆ ಕಟ್ಟುವ ಗಂಟು, ಎಳೆದಷ್ಟೂ ಬಿಗಿಯುವಂಥದ್ದು. "ಇದು ಬಿಚ್ಚಬೇಕಂದ್ರ ನನ್ನ ಹಂತೇಕ ಬರಬೇಕು. ಸ್ಟೂಲಿನ ಮ್ಯಾಲೆ ಕುಂದ್ರೋ ಗಂಡನ್ನ ನಾ ನೋಡಲ್ಲ" ಎಂದಳು. ಅವನು ನಾಚಿಕೆಯಿಂದ ರುಮಾಲನ್ನು ಚಷ್ಮಾದ ಮೇಲೆ ನೆರಳು ಬೀಳುವಷ್ಟು ಕೆಳಗೆ ಎಳೆದುಕೊಂಡು, ಕಳ್ಳನಂತೆ ದಂಡೆ ಹತ್ತಿದ.

ಮೊದಲ ತಿರುವಿನಲ್ಲೇ ಆಚೆ ದಂಡೆಯ ಮೇಲೆ ಒಂದು ಕರೀ ಹಾವು ಮಲಗಿತ್ತು. ಅದರಾಚೆ ಇನ್ನೊಂದು. ಅದರಾಚೆ ಸಾಲಾಗಿ ಹಾವುಗಳ ಸಂತೆ. ಒಂದೊಂದರ ಹತ್ತಿರವೂ ಒಬ್ಬೊಬ್ಬ ಧಣಿ ಆರಾಮಾಗಿ ಕೂತಿದ್ದಾನೆ. ಅಂಬ್ರಪ್ಪ ಎಂಬ ರೈತ ಒಂದು ಕೈಯಲ್ಲಿ ಪೈಪು ಅದುಮಿ ಹಿಡಿದು ಇನ್ನೊಂದು ಕೈ ಎತ್ತಿ, ಎಂದಿನ ಹಾಗೆ ಕೂಗಿದ: "ಶರಣ್ರೀ ತಾಯಪ್ಪಣ್ಣ, ಮಜ್ಜಿಗಿ ಕುಡದು ಹೋಗ್ರಿ."

ತಾಯಪ್ಪ ಮೊದಲು ಹಾವುಗಳನ್ನು ಒಂದೊಂದಾಗಿ ಎಣಿಸಿದ. ಆಮೇಲೆ ಹೊಟ್ಟೆಯೊಳಗಿಂದ ನಗು ಉಕ್ಕಿತು. ಇವರಿಗೆ ಚಷ್ಮಾ ಕಂಡಿಲ್ಲ. ತನಗೆ ಮಾತ್ರ ಎಲ್ಲ ಕಾಣುತ್ತಿದೆ, ಅಂಬ್ರಪ್ಪನ ಅಂಗಿಗೆ ಗುಂಡಿ ಇಲ್ಲದ್ದೂ ಕಾಣುತ್ತಿದೆ. ಲೋಕವೇ ತನಗಾಗಿ ಪರದೆ ಎತ್ತಿ ನಾಟಕ ತೋರಿಸಿದಂತೆ. ಅವನೂ ಕೈ ಎತ್ತಿ ನಮಸ್ಕಾರ ಮಾಡಿದ. ಅನುಮಾನ ಬರಬಾರದೆಂದು ದಾರಿಯಲ್ಲಿ ಒಂದು ಎಮ್ಮೆಗೆ, ಒಂದು ಮೈಲುಗಲ್ಲಿಗೆ, ಒಣಹಾಕಿದ ಒಂದು ಧೋತರಕ್ಕೆ ಬೇಕಂತಲೇ ಶರಣು ಮಾಡಿ, ಯಾವ ಪೈಪು ಎಲ್ಲಿದೆ ಎಂದು ನೋಡಿಕೊಳ್ಳುತ್ತ ಹೋದ. ಇಷ್ಟು ಮಜಾ ಜೀವನದಲ್ಲಿ ಮಾಡಿರಲಿಲ್ಲ ಎಂದು ಆಮೇಲೆ ನನಗೆ ಹೇಳಿದ.

ಸೇತುವೆಯ ಹತ್ತಿರ ಬಂದಾಗ ಮಜಾ ನಿಂತಿತು. ಆಚೆ ದಂಡೆಯಲ್ಲಿ ಲಾಲಪ್ಪನ ಹೊಲ. ಎಲ್ಲರ ಪೈಪಿಗಿಂತ ದಪ್ಪನೆಯ ಪೈಪು ಅಲ್ಲಿತ್ತು. ಅದರ ಪಕ್ಕ ಲಾಲಪ್ಪ, ಸುತ್ತ ಕೂತ ರೈತರಿಗೆ ಆಟ ತೋರಿಸುತ್ತಿದ್ದ. ಕಣ್ಣು ಬಿಗಿಯಾಗಿ ಮುಚ್ಚಿ, ಎರಡೂ ಕೈ ಮುಂದೆ ಚಾಚಿ, ಕುತ್ತಿಗೆ ಉದ್ದ ಮಾಡಿ, ತಡವರಿಸುತ್ತ ನಡೆದು ಜಾಲಿಗಿಡಕ್ಕೆ "ಶರಣ್ರೀ ಸಾಹೇಬ್ರ" ಎನ್ನುತ್ತಿದ್ದ. ರೈತರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ತಾಯಪ್ಪನಿಗೆ ಎಲ್ಲ ಒಮ್ಮೆಲೇ ತಿಳಿಯಿತು. ಈ ಆಟ ಇಂದಿನದಲ್ಲ. ತಾನು ಕೈಬೀಸಿ ನಗುತ್ತ ಹೋದಾಗಲೆಲ್ಲ ಅದು ಆಚೆ ದಂಡೆಯಲ್ಲಿ ತನ್ನ ಕಣ್ಣೆದುರೇ ನಡೆದಿದೆ. ಚಷ್ಮಾ ಕಣ್ಣು ಸುಡುತ್ತದೆ ಎಂದವನ ಹೊಲದಲ್ಲಿ ಅಕ್ಕನ ನೀರು ಹರಿಯುತ್ತಿದೆ. "ಅಳು ಬಂತ್ರಿ ಅಕ್ಕೋರ. ಚಷ್ಮಾದಾಗ ಅಳೋದು ತ್ರಾಸು, ಗಾಜು ಮಬ್ಬಾಗತದ" ಎಂದ ನನಗೆ. ಲಾಡಿಯ ಗಂಟು ಬಿಚ್ಚಲಾಗದ್ದರಿಂದ ಒರೆಸಲೂ ಆಗಲಿಲ್ಲವಂತೆ. ಹಾಗೆಯೇ ಸೇತುವೆ ದಾಟಿದ.

ಮುಂದಿನದನ್ನು ನನಗೆ ಹೇಳಿದವನು ನಮ್ಮ ಜೀಪಿನ ಡ್ರೈವರ್ ಬಾಷುಮಿಯಾ. ಅವನು ಸಾಹೇಬರಿಲ್ಲದೆ ಒಬ್ಬನೇ ಬಂದು ಸೇತುವೆಯ ಪಕ್ಕದಲ್ಲಿ ಜೀಪು ತೊಳೆಯುತ್ತಿದ್ದ, ಹಾಗಾಗಿ ಯಾರೂ ಪೈಪು ಮುಚ್ಚಿಟ್ಟಿರಲಿಲ್ಲ. ರುಮಾಲು ಹಿಂದೆ ಸರಿಸಿದ ತಾಯಪ್ಪ, ಮೂಗಿನ ಮೇಲೆ ಬಿಸಿಲಿಗೆ ಹೊಳೆಯುವ ಗಾಜು. ಕಂಡ ರೈತರ ನಗು ಒಬ್ಬೊಬ್ಬರದಾಗಿ ನಿಂತಿತು. ಒಬ್ಬ ತನ್ನ ಪೈಪಿನ ಮೇಲೆ ಕೂತು ಧೋತರ ಹರವಿದ. ಕಣ್ಣು ಮುಚ್ಚಿದ್ದ ಲಾಲಪ್ಪನಿಗೆ ಮಾತ್ರ ಏನೂ ಗೊತ್ತಿಲ್ಲ. ಕೈ ಚಾಚಿಕೊಂಡೇ ಬಂದ, ಬಂದ, ಬೆರಳು ಒಂದು ಮುಖಕ್ಕೆ ತಾಗಿತು. "ಶರಣ್ರೀ" ಎಂದ. ಬೆರಳು ಗಾಜಿನ ಮೇಲೆ ಹೋಯಿತು, ಲಾಡಿಯ ಮೇಲೆ ಹೋಯಿತು. ಅಲ್ಲೇ ನಿಂತಿತು.

ಅವನು ಕಣ್ಣು ತೆರೆಯಲಿಲ್ಲ. ಯಾವ ಮುಖ ಹೊತ್ತು ತೆರೆಯಬೇಕು?

ತಾಯಪ್ಪ ಆ ಕೈಯನ್ನು ಮೆಲ್ಲಗೆ ಹಿಡಿದುಕೊಂಡ. "ಶರಣ್ರೀ ಲಾಲಪ್ಪಣ್ಣ. ಬರ್ರಿ, ನಾ ಕರಕೊಂಡು ಹೋಗ್ತೀನಿ. ಹುಷಾರಿ, ಇಲ್ಲಿ ತಗ್ಗದ. ಹಾಂ, ಇನ್ನೊಂದು ಹೆಜ್ಜಿ ಇಡ್ರಿ. ಈಗ ಬಗ್ಗ್ರಿ. ಸಿಕ್ತಿಲ್ಲೋ? ಅದಽ ನಿಮ್ಮ ಪೈಪು. ತಗೀರಿ."

ಲಾಲಪ್ಪ ಕುರುಡನಂತೆ ತಡವಿ ಪೈಪು ಎಳೆದ. ತಾಯಪ್ಪ ಅವನನ್ನು ಅಷ್ಟೇ ಜೋಪಾನವಾಗಿ ಮುಂದಿನ ಪೈಪಿಗೆ ನಡೆಸಿದ, ಅಲ್ಲಿಂದ ಅದರ ಮುಂದಿನದಕ್ಕೆ. ಇವರಿಬ್ಬರು ಕೈ ಹಿಡಿದು ಬರುವುದನ್ನು ಕಂಡು, ಅಂಬ್ರಪ್ಪ ತನ್ನ ಪೈಪನ್ನು ತಾನೇ ಕಿತ್ತು ಮಡಚಿ, ಮಜ್ಜಿಗೆ ತರಲೇ ಎಂದು ಸಣ್ಣ ದನಿಯಲ್ಲಿ ಕೇಳಿದನಂತೆ.

ಮಾರನೇ ದಿನ ಬೆಳಿಗ್ಗೆ ನೀರು ದೇವಾಪುರಕ್ಕೆ ಮುಟ್ಟಿತು. ಭೀಮವ್ವ ಗದ್ದೆಯಲ್ಲಿ ನಿಂತು ನೆರೆಹೊರೆಯವರಿಗೆಲ್ಲ ಕೇಳಿಸುವಂತೆ ತಮ್ಮನ ಹೆಸರು ಕೂಗುತ್ತ ನೀರು ಹಾಯಿಸಿದಳು. ಕೋಲು ತಾಯಪ್ಪನ ಕೈಯಲ್ಲೇ ಉಳಿಯಿತು.

ಲಾಲಪ್ಪ ಕಣ್ಣು ತೆರೆದದ್ದು ಯಾವಾಗ ಎಂದು ಬಾಷುಮಿಯಾನನ್ನು ಕೇಳಿದೆ. ಅವನು ಜೀಪಿನ ಬಾನೆಟ್ ಒರೆಸುತ್ತ ಹೇಳಿದ: "ಪೈಪ್ ಎಲ್ಲಾ ಮುಗಿಯೋತನ ತೆರೀಲಿಲ್ರಿ ಅಕ್ಕೋರ. ಸೇತುವಿ ಮ್ಯಾಲೆ ಹೊಳ್ಳಿ ಬಂದ ಮ್ಯಾಲೆ ತಾಯಪ್ಪ ಕೈ ಬಿಟ್ಟ. ಲಾಲಪ್ಪ ಆವಾಗ ಕಣ್ಣು ತೆರದ, ಆದ್ರ ತಾಯಪ್ಪನ ಕೈ ಹಿಡಕೊಂಡಽ ನಿಂತಿದ್ದ."