ಬೇಳೆ ಬೇಯದ ಬಾವಿ

ಕರೆಂಟಿಲ್ಲದ ತೋಟದಲ್ಲಿ ಪೇಟೆಯ ಹಂಗಿಲ್ಲದೆ ಬದುಕಲು ತಿರುಪ್ಪೂರು ಆದೀತೇ ಎಂದು ಅಳೆದು ನೋಡಲು ನನಗಿಂತ ಯೋಗ್ಯ ಮನುಷ್ಯ ಇಡೀ ಕೊಯಮತ್ತೂರಿನಲ್ಲಿ ಇರಲಿಲ್ಲ. ಇದು ನನ್ನ ಅಭಿಪ್ರಾಯ. ನನ್ನ ಅಮ್ಮನದು ಬೇರೆ ಇತ್ತು.

ಐವತ್ತರ ದಶಕದ ಮಾತು. ನಮ್ಮ ಬಾಡಿಗೆ ಮನೆ ಹತ್ತಿ ಮಿಲ್ಲಿನ ಬೆನ್ನಿಗೇ ಇತ್ತು. ಒಣಹಾಕಿದ ಸೀರೆಯ ಮೇಲೂ ಹತ್ತಿಯ ಧೂಳು ಕೂರುತ್ತಿತ್ತು. ನನ್ನ ಹೆಂಡತಿಗೆ ಉಬ್ಬಸ. ಮಲಗಿದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಗೋಡೆಗೆ ಒರಗಿ ಕೂತೇ ರಾತ್ರಿ ಕಳೆಯುತ್ತಿದ್ದಳು. "ಈ ಧೂಳಿಂದ ಆಚೆ ಕರ್ಕೊಂಡು ಹೋಗಪ್ಪಾ. ಇನ್ನೊಂದು ಚಳಿಗಾಲ ಇಲ್ಲಿ ತಡೆಯಲ್ಲ" ಎಂದಿದ್ದರು ಡಾಕ್ಟರು. ನಾನು ಅವರ ಕುರ್ಚಿಯ ಹಿಂದೆ ನಿಂತು, ಅವರು ಮೂಗು ಉಜ್ಜಿಕೊಳ್ಳುವುದನ್ನು ಅಣಕಿಸಿ ಅವಳನ್ನು ನಗಿಸಿದೆ. ನಕ್ಕದ್ದಕ್ಕೇ ಅವಳಿಗೆ ಉಸಿರು ಕಟ್ಟಿತು. ಅಂದಿನಿಂದ ನಗಿಸಲೂ ನನಗೆ ಭಯ.

ಹಾಗಾಗಿ ಮೂವರೂ ಬಸ್ಸು ಹತ್ತಿದೆವು. ತಿರುಪ್ಪೂರಿನಲ್ಲೂ ಹತ್ತಿಯ ಫ್ಯಾಕ್ಟರಿಗಳಿದ್ದವು. ಆದರೆ ನಾವು ನೋಡಹೋದ ತೋಟ ಊರಿನಿಂದ ಪಶ್ಚಿಮಕ್ಕೆ, ಗಾಳಿ ಬರುವ ಕಡೆಗೆ. ಒಂದು ಚಿಟಿಕೆ ಹತ್ತಿಯನ್ನು ಊದಿದೆ. ಅದು ಊರಿನತ್ತ ಹಾರಿಹೋಯಿತು. "ಗಾಳಿ ಪಾಸು!" ಎಂದು ಘೋಷಿಸಿದೆ. ಕೆಂಪು ಮಣ್ಣು, ಜೋಳ ಹುರುಳಿಗೆ ಮೋಸವಿಲ್ಲ. ಎಮ್ಮೆಗೆ ಮೇವು, ಒಲೆಗೆ ಸೌದೆ ಅಲ್ಲೇ. ಸೀಮೆಎಣ್ಣೆಗೆ ಮಾತ್ರ ಸಂತೆಗೆ ಹೋದರಾಯಿತು.

"ಏನ್ಡಾ, ಜಮೀನ್ದಾರನಂಗೆ ಕೈ ಕಟ್ಕೊಂಡು ಸುತ್ತಿದ್ದು ಸಾಕು. ಈ ಬಾವಿ ತಣ್ಣಿ ಹೆಂಗದೆ ನೋಡಣ" ಎಂದಳು ಅಮ್ಮ.

ನಮ್ಮ ಮನೆಯವರು ಹೊಸ ಊರಿನ ನೀರನ್ನು ಕುಡಿದು ನಂಬುವವರಲ್ಲ, ತೊಗರಿಬೇಳೆ ಬೇಯಿಸಿ ನೋಡುವವರು. ಬೇಳೆ ಕರಗಿದರೆ ಸಂಸಾರ ಹೂಡಬಹುದು. ಅಮ್ಮ ಅಂಗಳದಲ್ಲಿ ಮೂರು ಕಲ್ಲಿಟ್ಟು ಬೆಂಕಿ ಹಚ್ಚಿದಳು. ಬೇಳೆ ಬೆಣ್ಣೆಯಾಯಿತು! ನಾನು ಪಂಚೆ ಎತ್ತಿಕಟ್ಟಿ ಕುಣಿದೆ.

ಬಾಯಾರಿದ ಹೆಂಡತಿ ಹಿತ್ತಾಳೆ ಕೂಜಾ ಬಗ್ಗಿಸಿದಳು. ಖಾಲಿ. ಅಮ್ಮ ಬಾಯಿಗೆ ಸೆರಗು ಹಿಡಿದಳು. ಕೊಯಮತ್ತೂರಿನವರು ಎಲ್ಲಿಗೆ ಹೋದರೂ ತಮ್ಮೂರಿನ ಸಿರುವಾಣಿ ಹೊಳೆಯ ಸಿಹಿನೀರು ಹೊತ್ತೇ ಹೋಗುವುದು. ಅಮ್ಮನ ಕೈ ಅಭ್ಯಾಸಬಲದಿಂದ ಅದನ್ನೇ ಪಾತ್ರೆಗೆ ಸುರಿದುಬಿಟ್ಟಿತ್ತು.

ಮತ್ತೆ ಬೇಳೆ ಇಟ್ಟೆವು, ಈ ಸಲ ಬಾವಿಯ ನೀರಿನಲ್ಲಿ. ಸೌದೆಯ ಮೇಲೆ ಸೌದೆ ಉರಿಯಿತು. ಹೊತ್ತು ಇಳಿಯಿತು.

"ಅಮ್ಮಾ, ಇನ್ನೊಂಚೂರು ಊದು."

"ಊದಕ್ಕೆ ನಾನೇನು ಕಮ್ಮಾರನ ತಿದಿಯಾ? ಬೇಯಲ್ಲ ಬಿಡ್ಡಾ."

ಒಂದು ಬೇಳೆ ಕಡಿದೆ. ಹಲ್ಲು ಜುಮ್ಮೆಂದಿತು, ಬಾಯೆಲ್ಲ ಉಪ್ಪು. ನೋಡಲು ನಮಗೆ ಇನ್ನೊಂದು ಜಾಗವಿರಲಿಲ್ಲ. ಅಷ್ಟು ಮಾತಿನ ಮಲ್ಲ ನಾನು, ಒಂದು ತಮಾಷೆಯೂ ಹೊಳೆಯಲಿಲ್ಲ.

ಹೊರಡೋಣವೆಂದು ತಿರುಗಿದರೆ, ಹೆಂಡತಿ ಜಗುಲಿಯ ಮೇಲೆ ಮಲಗಿದ್ದಳು. ಅಂಗಾತ, ಗಾಢ ನಿದ್ದೆಯಲ್ಲಿ. ಬಗ್ಗಿ ಅವಳ ಎದೆಯ ಹತ್ತಿರ ಕಿವಿಯಿಟ್ಟೆ. ಉಸಿರು ಸಲೀಸಾಗಿ ಆಡುತ್ತಿತ್ತು, ಉಬ್ಬಸದ ಸಿಳ್ಳೆಯ ಸದ್ದಿರಲಿಲ್ಲ.

ತೋಟದ ಒಡೆಯ ಗೌಂಡರು ಬಂದರು. ಪಾತ್ರೆ ನೋಡಿ ಅವರಿಗೇ ನಾಚಿಕೆಯಾಯಿತು. "ಉಪ್ಪುತ್ತಣ್ಣಿಂಗ" ಎಂದು ತಲೆ ಕೆರೆದುಕೊಂಡರು.

"ಉಪ್ಪು ಕೊಳ್ಳೋದು ತಪ್ಪಿತಲ್ಲ ಗೌಂಡರೇ! ಜಾಗ ನಮಗೇ" ಎಂದೆ.

ಅವರು ನಗಲಿಲ್ಲ. ಅಮ್ಮ ನನ್ನ ತೋಳು ಚಿವುಟಿದಳು. "ಹುಚ್ಚಾ, ನಾಳೆ ಅವಳಿಗೆ ಏನ್ಡಾ ಕುಡಿಸ್ತೆ?"

ನಾನು ಜಗುಲಿಯತ್ತ ನೋಡಿದೆ.

"ಮೆಲ್ಲಗೆ ಮಾತಾಡಮ್ಮಾ, ಎದ್ದುಬಿಡ್ತಾಳೆ" ಎಂದೆ.