ಅಕ್ಕನ ಮರದ ಕೊನೆಯ ಮಿಡಿ

ಅಕ್ಕ ನನ್ನ ಕೈಗೆ ಕೊಟ್ಟ ಮಿಡಿ ಉಪ್ಪಿನಕಾಯಿ ಮೊಂಬಾಸ ಸೇರಲಿಲ್ಲ. ಸೇರಿಸಲು ಆಗಲಿಲ್ಲ ಎಂದರೆ ಅದೂ ಅರ್ಧ ಸುಳ್ಳು. ಆಗುತ್ತಿತ್ತು, ನಾನು ಮಾಡಲಿಲ್ಲ. ಪರದೇಶದಿಂದ ಊರಿಗೆ ಬಂದು ಮರಳುವವರು ಏನೇನು ಒಯ್ಯಬೇಕು ಎಂದು ಕೆಲವರು ನನ್ನನ್ನು ಕೇಳುತ್ತಾರೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ದರ್ಜಿ ನಾನು. ಒಯ್ಯದೆ ಬಿಟ್ಟದ್ದರ ಕತೆಯನ್ನಷ್ಟೇ ಹೇಳಬಲ್ಲೆ.

ಮೊದಲ ಸಲ ನಾನು ಮೊಂಬಾಸದಲ್ಲಿ ಹಡಗು ಇಳಿದದ್ದು ಡಿಸೆಂಬರಿನಲ್ಲಿ. ಬಂದರಿನ ಬಾಗಿಲಲ್ಲಿ ಒಬ್ಬ ಹೆಂಗಸು ಮಾವಿನಕಾಯಿ ಸೀಳಿ, ಉಪ್ಪು ಖಾರ ಸವರಿ ಮಾರುತ್ತಿದ್ದಳು. ನಾನು ನಿಂತುಬಿಟ್ಟೆ. ನಮ್ಮಲ್ಲಿ ಮಾವು ಹೂ ಬಿಡಲು ಯೋಚಿಸುತ್ತಿರುವ ತಿಂಗಳದು. ಇಲ್ಲಿ ಕಾಯಿ ಬಲಿತು ರಸ್ತೆಗೆ ಬಂದಿದೆ! ಅವಳ ಹಿಂದೆ ಆನೆಯ ಹೊಟ್ಟೆಯಂಥ ಕಾಂಡದ ಒಂದು ಮರ. ಅಷ್ಟು ದೊಡ್ಡ ಮರಕ್ಕೆ ನೆರಳು ಮಾತ್ರ ಒಂದು ಕೊಡೆಯಷ್ಟೂ ಇರಲಿಲ್ಲ. ಋತುಗಳೇ ಹಿಂದುಮುಂದಾದ ಈ ನಾಡಿನಲ್ಲಿ ನಾನು ಹೇಗೆ ಬದುಕುವುದು ಎಂದು ಹೆದರಿಕೆಯಾಯಿತು.

ಬದುಕಿದೆ. ಸಾಗರದ ಪೇಟೆಯಲ್ಲಿ ಕಾಜಾ ಹಾಕುತ್ತ ಕಲಿತ ಕೆಲಸ ಅಲ್ಲಿಯೂ ಅದೇ. ಗುಜರಾತಿನ ಸೇಠ್ ಒಬ್ಬರ ಅಂಗಡಿ, ಅದರ ಮೇಲೆ ನಾಲ್ವರಿಗೆ ಒಂದು ಕೋಣೆ, ಬೆಳಿಗ್ಗೆ ನಲ್ಲಿಯ ಮುಂದೆ ಸಾಲು. ಅವರ ಸ್ವಾಹಿಲಿ ಭಾಷೆಯಲ್ಲಿ ನಾನು ಮೊದಲು ಕಲಿತ ಮಾತು 'ಕೇಶೋ', ಅಂದರೆ ನಾಳೆ. ದರ್ಜಿಗೆ ಯಾವ ದೇಶದಲ್ಲೂ ಮೊದಲು ಬೇಕಾಗುವ ಮಾತು ಅದೇ. ಎರಡನೆಯದು 'ಹಬಾರಿ?' ಎಂದರೆ ಏನು ಸಮಾಚಾರ. ಅದಕ್ಕೆ 'ಮ್ಜೂರಿ', ಚೆನ್ನಾಗಿದೆ, ಎನ್ನಬೇಕು. ಜ್ವರ ಬಂದು ಮಲಗಿದ್ದರೂ ಮೊದಲು ಮ್ಜೂರಿ, ಆಮೇಲೆ ಜ್ವರ. ನಾನು ಊರಿಗೆ ಬರೆಯುತ್ತಿದ್ದ ಕಾಗದಗಳೂ ಹಾಗೆಯೇ ಶುರುವಾಗುತ್ತಿದ್ದವು. ಆದರೆ ನನ್ನವು ಅಲ್ಲಿಗೇ ಮುಗಿಯುತ್ತಿದ್ದವು.

ನಾಲ್ಕು ವರ್ಷ ಬಿಟ್ಟು ಊರಿಗೆ ಬಂದೆ. ಊರೆಂದರೆ ಅಕ್ಕನ ಮನೆ. ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಸಾಗರಕ್ಕೂ ಹೊಸನಗರಕ್ಕೂ ನಡುವೆ, ಹೊಳೆಯ ದಂಡೆಯಲ್ಲಿ ಅವಳ ಗಂಡನ ಊರು. ಗದ್ದೆಯ ಅಂಚಿನಲ್ಲಿ ಒಂದು ಮಿಡಿಮಾವಿನ ಮರವಿತ್ತು. ಮಿಡಿ ಎಂದರೆ ಗೊರಟು ಕಟ್ಟುವ ಮೊದಲೇ ಕೀಳುವ ಎಳೆಕಾಯಿ. ಆ ಮರದ ಮಿಡಿಯ ತೊಟ್ಟು ಮುರಿದರೆ ಜೀರಿಗೆಯ ಪರಿಮಳ ಅಂಗಳದವರೆಗೆ ಬರುತ್ತಿತ್ತು. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಉಪ್ಪಿನಲ್ಲಿ ಉಳಿಯುವುದಿಲ್ಲ. ಬಾವ ಮರ ಹತ್ತಿ, ಒಂದೊಂದನ್ನೇ ತೊಟ್ಟು ಸಮೇತ ಬಿಡಿಸಿ, ಬುಟ್ಟಿಗೆ ಹಾಕಿ ಹಗ್ಗ ಕಟ್ಟಿ ಇಳಿಸುತ್ತಿದ್ದರು.

ನಾನು ಹೊರಡುವ ಹೊತ್ತಿಗೆ ಆ ವರ್ಷದ ಮಿಡಿ ಉಪ್ಪುಂಡು, ಖಾರ ಕುಡಿದು, ಭರಣಿ ಸೇರಿತ್ತು. ಅಕ್ಕ ನನ್ನ ಟ್ರಂಕಿನ ಮುಂದೆ ಕೂತು ಹಲಸಿನ ಹಪ್ಪಳ, ಸಾರಿನ ಹುಳಿಗೆ ಒಣಗಿಸಿದ ಮುರುಗಲ ಸಿಪ್ಪೆ, ಸೀಗೆಪುಡಿ, ಒಂದು ಗಂಟು ಕೆಂಪಕ್ಕಿ ತುಂಬುತ್ತಿದ್ದಳು.

"ಎಂತಕ್ಕೆ ಅಕ್ಕಾ ಇಷ್ಟೆಲ್ಲ? ಅಲ್ಲೂ ಜನ ಊಟ ಮಾಡ್ತಾರೆ ಮಾರಾಯ್ತಿ."

"ಅವ್ರು ಮಾಡ್ಲಿ. ನಿನ್ನ ಗಂಟಲಲ್ಲಿ ಗಂಜಿ ಇಳೀಬೇಕಲ್ಲ?"

ಬಾವ ಜಗಲಿಯಿಂದಲೇ ಅಂದರು: "ಇನ್ನೆರಡು ಗಂಟು ಕಟ್ಟು. ಹಡಗು ಅರ್ಧ ಸಮುದ್ರದಲ್ಲೇ ಕೂತ್ಕಳ್ಲಿ."

ಕೊನೆಗೆ ಅವಳು ಭರಣಿಯನ್ನು ಹಳೇ ಸೀರೆಯಲ್ಲಿ ಸುತ್ತಿ ತಂದಳು. ಆ ವರ್ಷ ಮರ ಬಿಟ್ಟದ್ದೇ ಸ್ವಲ್ಪ, ಅದು ಪೂರಾ ಅದರಲ್ಲೇ ಇತ್ತು. ನಿನಗೆ ಬೇಡವೇ ಎಂದೆ. "ಮುಂದಿನ ಸಲದ್ದು ನಂಗೆ. ಇದು ನೀ ತಗಂಡು ಹೋಗು. ನೋಡು ತಮಾ, ಒದ್ದೆ ಕೈ ಹಾಕಬೇಡ. ತಗಡಿನ ಡಬ್ಬಿಗಂತೂ ಸುರೀಲೇಬೇಡ. ಉಪ್ಪು ತಗಡನ್ನ ತಿಂತದೆ, ತಗಡು ಮಿಡೀನ ಕೆಡಿಸ್ತದೆ."

ಇದು ನಮ್ಮ ಕಡೆ ಹುಟ್ಟಿದವರಿಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ.

ಸಾಗರದಲ್ಲಿ ರೈಲು ಹತ್ತಿ, ಬೀರೂರಿನಲ್ಲಿ ಬದಲಿಸಿ, ಬೊಂಬಾಯಿಯವರೆಗೂ ಭರಣಿಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತೆ. ಬೊಂಬಾಯಿಯ ವಸತಿಗೃಹದಲ್ಲಿ ಅದೇ ಹಡಗಿಗೆ ಕಾದಿದ್ದ ನಾಲ್ಕಾರು ಮಂದಿ ಇದ್ದರು. ನಾನೇ ಹೊಲಿದ ಹೊಸ ಟೆರಿಲಿನ್ ಪ್ಯಾಂಟು ತೊಟ್ಟು, ಸೀರೆ ಸುತ್ತಿದ ಗಂಟನ್ನು ಕಂಕುಳಲ್ಲಿ ಹಿಡಿದು ಒಳಗೆ ಬಂದಾಗ ಒಬ್ಬ ಕೇಳಿದ: "ಮಗುವಿಗೆ ಎಷ್ಟು ತಿಂಗಳು?" ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕವನೇ ಹೊರಗೆ ಹೋಗಿ, ಒಂದು ಖಾಲಿ ಬಿಸ್ಕತ್ತಿನ ಡಬ್ಬಿ ಕೊಂಡು ತಂದು ಮಿಡಿಯನ್ನೆಲ್ಲ ಅದಕ್ಕೆ ಸುರಿದೆ. ಡಬ್ಬಿ ಟ್ರಂಕಿನೊಳಗೆ ಅಂಗಿಗಳ ನಡುವೆ ಚೆನ್ನಾಗಿ ಕೂತಿತು. ಭರಣಿಯನ್ನು ಅಡಿಗೆಯವನಿಗೆ ಕೊಟ್ಟುಬಿಟ್ಟೆ. ಗೊತ್ತಿಲ್ಲದೆ ಮಾಡಿದ್ದಲ್ಲ. ಸುರಿಯುವಾಗ ಅಕ್ಕನ ಮಾತು ಕಿವಿಯಲ್ಲೇ ಇತ್ತು.

ಹಡಗು ಹೊರಟ ಐದನೆಯ ದಿನ ಟ್ರಂಕು ತೆರೆದರೆ ಡಬ್ಬಿಯ ತಳ ತೂತಾಗಿತ್ತು. ಅಂಗಿಗಳೆಲ್ಲ ಕೆಂಪು, ಮಿಡಿ ಕಪ್ಪು, ತುಕ್ಕಿನ ವಾಸನೆ. ಅಕ್ಕಪಕ್ಕದವರು ಮೂಗು ಮುಚ್ಚಿಕೊಂಡರು. ಸಿಟ್ಟಿನಲ್ಲಿ ಡಬ್ಬಿಯನ್ನು ಸಮುದ್ರಕ್ಕೆ ಎಸೆದೆ. ಮೊಂಬಾಸ ತಲುಪಿ ಅಕ್ಕನಿಗೆ ಬರೆದೆ: ಮಿಡಿ ಬಹಳ ಚೆನ್ನಾಗಿದೆ, ವಾರಕ್ಕೊಂದರಂತೆ ತಿನ್ನುತ್ತಿದ್ದೇನೆ.

ಮುಂದಿನ ವರ್ಷ ಆ ಮರ ಕಾಯಿ ಬಿಡಲಿಲ್ಲ. ಅದರ ಮುಂದಿನ ವರ್ಷ ಹೊಳೆಗೆ ಕಟ್ಟಿದ ಅಣೆಕಟ್ಟಿನ ನೀರು ಊರಿಗೆ ಬಂತು. ಬಾವ ಬರೆದಿದ್ದರು: 'ಹೆಂಚು, ತೊಲೆ, ಒರಳುಕಲ್ಲು, ದನ ಎಲ್ಲ ಲಾರಿ ಹತ್ತಿದವು. ಮರ ಒಂದು ಹತ್ತಲಿಲ್ಲ.' ಕೆಳಗೆ ಅಕ್ಕ ಹೇಳಿ ಬರೆಸಿದ ಎರಡು ಸಾಲು: 'ಭರಣಿಯ ತಳದಲ್ಲಿ ನಾಲ್ಕು ಮಿಡಿ ಉಳಿಸು. ಬರುವಾಗ ತಾ.' ಚೆನ್ನಾಗಿ ಹಾಕಿದ ಮಿಡಿ ವರ್ಷಗಟ್ಟಲೆ ಕೆಡುವುದಿಲ್ಲ. ಅವಳ ಲೆಕ್ಕದಲ್ಲಿ ಆ ಮರ ಇನ್ನು ಉಳಿದಿದ್ದದ್ದು ನನ್ನ ಭರಣಿಯಲ್ಲಿ ಮಾತ್ರ.

ಆಗಲಾದರೂ ನಿಜ ಬರೆಯಬೇಕಿತ್ತು. ಬದಲಿಗೆ ನಾನು ಮೊಂಬಾಸದ ಸಂತೆಯಲ್ಲಿ ಸಿಕ್ಕಿದ್ದರಲ್ಲಿ ಎಳೆಯ ಮಾವಿನಕಾಯಿ ಆರಿಸಿ, ಉಪ್ಪು ಹಾಕಿ, ಜೀರಿಗೆ ಅರೆದು ಸೇರಿಸಿ, ಮುಂದಿನ ಬಾರಿ ಬರುವಾಗ ಒಂದು ಗಾಜಿನ ಸೀಸೆಯಲ್ಲಿ ತಂದೆ.

ಅಕ್ಕನ ಹೊಸ ಮನೆ ಹೊಸನಗರ ದಾಟಿ ತೀರ್ಥಹಳ್ಳಿಯ ರಸ್ತೆಯ ಬದಿಯಲ್ಲಿತ್ತು. ಹಳೇ ತೊಲೆಗಳು ಹೊಸ ಗೋಡೆಗೆ ಉದ್ದವಾಗಿ ಹೊರಗೆ ಚಾಚಿದ್ದವು. "ಬಾ, ನಾನೂ ಈಗ ಪರದೇಶದವಳೇ" ಎಂದು ನಕ್ಕಳು. "ನಿಂಗಾದ್ರೆ ಹಡಗು ಹತ್ತಿ ವಾಪಸ್ ಬರಾಕೆ ಆತದೆ. ನಾ ಎಲ್ಲಿಗೆ ಹೋಗ್ಲಿ?" ಅಲ್ಲಿಯ ಬಾವಿಯ ನೀರು ಸಪ್ಪೆಯಂತೆ, ದನಗಳಿಗೆ ದಾರಿ ತಿಳಿಯುವುದಿಲ್ಲವಂತೆ. ಮೊಂಬಾಸದ ಮೊದಲ ವರ್ಷ ನಾನು ಅಂದುಕೊಂಡದ್ದನ್ನೆಲ್ಲ ಅವಳು ಅಂಗಳದಲ್ಲಿ ಕೂತು ಹೇಳುತ್ತಿದ್ದಳು.

ಮಾರನೆಯ ಮಧ್ಯಾಹ್ನ ಅವಳು, ಮುಳುಗಿದ ಊರಿನಿಂದ ಬಂದ ಮೂವರು ಹೆಂಗಸರನ್ನು ಊಟಕ್ಕೆ ಕರೆದಳು. ಆ ಮರದ ಮಿಡಿ ಅವರೆಲ್ಲರ ಮನೆಗೂ ಹೋಗುತ್ತಿತ್ತು. ಸೀಸೆಯ ಮುಚ್ಚಳ ತೆಗೆದು ಮೂಸಿದಳು. ಒಂದು ಗಳಿಗೆ ನನ್ನ ಮುಖ ನೋಡಿದಳು. ನಾನು ಎಲೆಯ ಮೇಲಿನ ಅನ್ನ ಕಲಸುತ್ತಿದ್ದೆ.

ಒಬ್ಬಾಕೆ ಕಚ್ಚಿ ನೋಡಿ, "ಇದು ನಮ್ಮ ಮರದ್ದೇನೇ?" ಎಂದಳು.

"ಅದೇ ಕಣೇ," ಅಂದಳು ಅಕ್ಕ. "ಸಮುದ್ರದ ಗಾಳಿಗೆ ವಾಸನೆ ಹೋಗ್ಯದೆ. ಪಾಪ, ಇಷ್ಟು ವರ್ಷ ಇಟ್ಗಂಡು ತಂದಾನೆ, ತಿನ್ನು."

ಮೂವರೂ ತಿಂದರು. ಚೀಪಿದ ಗೊರಟುಗಳು ಎಲೆಯ ಅಂಚಿನಲ್ಲಿ ಉಳಿದವು. ಮಿಡಿಗೆ ಗೊರಟು ಇರುವುದಿಲ್ಲ. ಅಕ್ಕ ಬೇಗನೆ ಎದ್ದು ಎಲೆಗಳನ್ನು ಮಡಚಿದಳು.

ಎರಡು ತಿಂಗಳು ಅವಳು ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಹೊರಡುವ ದಿನ ಮತ್ತೆ ಟ್ರಂಕು ತುಂಬಿದಳು: ಹಪ್ಪಳ, ಮುರುಗಲು, ಸೀಗೆಪುಡಿ. ಕೊನೆಗೆ ಒಂದು ಸಣ್ಣ ಭರಣಿ ತಂದು, ಬಾಯಿಗೆ ಬಟ್ಟೆ ಕಟ್ಟಿ, ನನ್ನ ತೊಡೆಯ ಮೇಲೆ ಇಟ್ಟಳು. ತೀರ್ಥಹಳ್ಳಿಯ ಕಡೆಯ ಯಾವುದೋ ಮರದ ಮಿಡಿಯಂತೆ. ಯಾರನ್ನೋ ಕೇಳಿ ತರಿಸಿದ್ದಳು. "ನಮ್ಮದರಷ್ಟು ಚೆನ್ನಾಗಿಲ್ಲ. ಆದ್ರೂ ಅಡ್ಡಿಲ್ಲ" ಅಂದಳು. ಡಬ್ಬಿಗೆ ಹಾಕಬೇಡ ಎಂದು ಈ ಸಲ ಹೇಳಲಿಲ್ಲ.

ಬಸ್ಸಿಗೆ ಕಾಯುತ್ತ ರಸ್ತೆಯ ಬದಿಯಲ್ಲಿ ನಿಂತೆವು. ಮೊಂಬಾಸದಲ್ಲಿ ಯಾರಾದರೂ ಯಾವ ಊರು ಎಂದರೆ ನಾನು ಹೇಳುತ್ತಿದ್ದ ಊರಿನ ಮೇಲೆ ಈಗ ನೀರಿತ್ತು. ಇಲ್ಲಿ ಯಾರಾದರೂ ಕೇಳಿದರೆ ಅಕ್ಕ, "ತಮ್ಮ ಮೊಂಬಾಸದವ್ನು" ಎನ್ನುತ್ತಿದ್ದಳು. ಎರಡು ಕಡೆಯೂ ನಾನು ಆಚೆಯವನೇ. ನನ್ನನ್ನು ಇಲ್ಲಿಯವನೆಂದು ಹಿಡಿದಿಟ್ಟಿದ್ದದ್ದು ಪಕ್ಕದಲ್ಲಿ ನಿಂತ ಇವಳೊಬ್ಬಳು, ಅವಳಿಗೂ ನಾನು ಸುಳ್ಳು ತಿನ್ನಿಸಿದ್ದೆ. ತಿರುವಿನಲ್ಲಿ ಬಸ್ಸಿನ ಸದ್ದು ಕೇಳಿಸಿತು. ಭರಣಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಅಕ್ಕಾ, ಆ ಮಿಡಿ ನಾ ಒಂದೂ ತಿನ್ಲಿಲ್ಲ. ನಾಚಿಕೆಯಾಗಿ ಡಬ್ಬಿಗೆ ಸುರ್ದೆ, ಕೆಟ್ಟುಹೋತು, ಸಮುದ್ರಕ್ಕೆ ಎಸ್ದೆ. ಈ ಸಲ ತಂದಿದ್ದು ಅಲ್ಲಿಯ ಸಂತೆ ಮಾವು. ನಿನ್ನ ಮರದ ಕೊನೇದನ್ನ ನಾನೇ ಹಾಳು ಮಾಡ್ದೆ. ತಪ್ಪಾತು ಅಕ್ಕಾ."