ದೀಪಕ ಇಟ್ಟ ಪಾಸ್‌ವರ್ಡ್

ಇದನ್ನು ಓದಿ ನಗುವವರು ನಗಲಿ. ಇಂಥದ್ದಕ್ಕೆಲ್ಲ ಮೊದಲು ನಾನೂ ನಗುತ್ತಿದ್ದವನೇ. ಆದರೆ ಆ ರಾತ್ರಿ ನಡೆದದ್ದಕ್ಕೆ ನಾನು ಒಂದಕ್ಷರವನ್ನೂ ಸೇರಿಸಿಲ್ಲ. ಸೇರಿಸುವ ಧೈರ್ಯವೂ ಇಲ್ಲ.

ಮೂಡುಬಿದಿರೆ ಸುತ್ತಮುತ್ತ ಮನೆಗಳಿಗೆ ವೈಫೈ ಹಾಕಿಕೊಡುವುದು, ಅದಕ್ಕೆ ಭದ್ರತೆ ಮಾಡಿಕೊಡುವುದು ನನ್ನ ಕೆಲಸ. ನಮ್ಮ ಜನಕ್ಕೆ ಗೇಟಿಗೆ ಎರಡೆರಡು ಬೀಗ ಬೇಕು. ವೈಫೈ ಪಾಸ್‌ವರ್ಡ್ ಮಾತ್ರ ಒಂದರಿಂದ ಎಂಟು! ಹೇಳಿ ಹೇಳಿ ನನಗೆ ಸಾಕಾಗಿದೆ.

ಕಳೆದ ಆಟಿಯಲ್ಲಿ, ನಮ್ಮ ತುಳುವರ ಜಡಿಮಳೆಯ ತಿಂಗಳಲ್ಲಿ, ಉಮೇಶಣ್ಣ ಫೋನ್ ಮಾಡಿದರು. ಅಕ್ಕ ಜಲಜಕ್ಕನ ಜೊತೆ ಕಾಲೇಜು ರಸ್ತೆಯ ಹಿಂದೆ ಇರುವವರು.

"ನಮ್ಮಲ್ಲಿ ಇರುವುದು ಎರಡೇ ಫೋನು ಹರೀಶ. ಏಳೂವರೆ ಆದ್ರೆ ವೈಫೈಗೆ ಮೂರನೇದೊಂದು ಸೇರಿಕೊಳ್ತದೆ. ಎದುರಿನ ಪಿಜಿ ಹುಡುಗರದ್ದೇ ಕೆಲಸ. ಒಮ್ಮೆ ಬಾ ಮಾರಾಯ."

ನಾನು ಹೋದಾಗ ಏಳು ಗಂಟೆ, ಕತ್ತಲಾಗಿತ್ತು. ಒಳಗೆಲ್ಲ ಕೋಳಿ ಸುಕ್ಕದ ಪರಿಮಳ, ಜೊತೆಗೆ ಊದುಬತ್ತಿಯದ್ದು...

"ಅಕ್ಕ ದೀಪಕನಿಗೆ ಬಡಿಸ್ತಾ ಇದ್ದಾಳೆ," ಎಂದು ಉಮೇಶಣ್ಣ ಪಿಸುಗುಟ್ಟಿದರು.

ದೀಪಕ ಜಲಜಕ್ಕನ ಒಬ್ಬನೇ ಮಗ. ನಾಲ್ಕು ತಿಂಗಳ ಹಿಂದೆ ಕೆಲಸದಿಂದ ಬರುವಾಗ ಬೈಕಿನಿಂದ ಬಿದ್ದು ತೀರಿಕೊಂಡ. ತೀರಿಹೋದವರಿಗೆ ಆಟಿಯಲ್ಲಿ ಎಲೆ ಹಾಕಿ ಬಡಿಸಿ, ಬಾಗಿಲು ಮುಚ್ಚಿ, ಹೊರಗೆ ಕಾಯುವ ಕ್ರಮ ನಮ್ಮಲ್ಲುಂಟು. ಮತ್ತೆ ಬಾಗಿಲು ತೆರೆಯುವ ಮೊದಲು ಒಮ್ಮೆ ಕೆಮ್ಮಬೇಕು.

ಜಲಜಕ್ಕ ಎಲೆ ಬಡಿಸಿದ ಕೋಣೆಯಿಂದ ಹೊರಗೆ ಬಂದರು. ಬಾಗಿಲು ಎಳೆದುಕೊಂಡು ಅಲ್ಲೇ ನೆಲದ ಮೇಲೆ ಕುಳಿತರು. ನಾನು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ, ವೈಫೈಗೆ ಸೇರಿಕೊಂಡ ಫೋನುಗಳನ್ನು ತೋರಿಸುವ ರೂಟರಿನ ಪಟ್ಟಿ ತೆರೆದೆ. ಎರಡೇ ಫೋನು.

ಏಳೂವರೆ... ಮೂರನೆಯದು ಬಂತು!

"ಸಿಕ್ಕಿದ ಕಳ್ಳ!" ಎಂದೆ.

ಆದರೆ ಸಿಗ್ನಲ್ ನೋಡಿ ಒಂದು ಕ್ಷಣ ತಡೆದೆ. ಅದು ರಸ್ತೆಯಾಚೆಯ ಫೋನಿನದ್ದಲ್ಲ. ಹತ್ತು ಅಡಿಯೊಳಗೇ ಇರಬೇಕು. ಮುಚ್ಚಿದ ಆ ಕೋಣೆ ಇದ್ದದ್ದೂ ಅಷ್ಟೇ ದೂರದಲ್ಲಿ. ಅಲ್ಲಿಗೇ ನಿಲ್ಲಿಸಬೇಕಿತ್ತು. ಏನು ಮಾಡುವುದು, ನೋಡುವವರಿದ್ದರೆ ನನಗೆ ಜಂಬ ಜಾಸ್ತಿ.

"ಒಂದು ನಿಮಿಷ ಉಮೇಶಣ್ಣ, ಹೊರಗೆ ಹಾಕ್ತೇನೆ."

ಹಳೆಯ ಪಾಸ್‌ವರ್ಡ್ ಏನೆಂದು ಕೂಡ ನೋಡದೆ ಅಳಿಸಿ ಹೊಸದನ್ನು ಹಾಕಿದೆ. ಮನೆಯ ಎರಡು ಫೋನುಗಳಿಂದಲೂ ಹಳೆಯದನ್ನು ತೆಗೆದು ಹೊಸದನ್ನು ಕೊಟ್ಟೆ. ಮೂರನೆಯದು ಮಾಯವಾಯಿತು.

ಆಮೇಲೆ ಪರದೆಯ ಮೇಲೆ ಸಾಲುಗಳು ಬೀಳತೊಡಗಿದವು. ಪಾಸ್‌ವರ್ಡ್ ತಪ್ಪು. ಪಾಸ್‌ವರ್ಡ್ ತಪ್ಪು. ಪಾಸ್‌ವರ್ಡ್ ತಪ್ಪು... ಅದೇ ಫೋನು, ಬಿಡದೆ ಕೇಳುತ್ತಿತ್ತು.

ಕೋಣೆಯೊಳಗೆ ಟಣ್ ಎಂದು ಲೋಟ ಉರುಳಿತು.

ಸಾಲುಗಳು ನಿಂತವು. ಮನೆ ಪೂರ್ತಿ ತಣ್ಣಗಾದ ಹಾಗೆ ನನಗನ್ನಿಸಿತು.

ಜಲಜಕ್ಕ ಕೆಮ್ಮಿ ಬಾಗಿಲು ತೆರೆದರು. ಎಲೆ ಬಡಿಸಿದ ಹಾಗೆಯೇ ಇತ್ತು. ನೀರು ಮಾತ್ರ ಹೊಸ್ತಿಲವರೆಗೆ ಹರಿದಿತ್ತು. ಒಳಗೆ ಬೇರೆ ಬಾಗಿಲಿಲ್ಲ, ಕಿಟಕಿ ಮುಚ್ಚಿತ್ತು.

"ಏಳೂವರೆಗೆ ಬರ್ತದೆ ಅಂದ್ರಾ?" ಜಲಜಕ್ಕನ ಸ್ವರ ಬಹಳ ಸಣ್ಣದಾಗಿತ್ತು. "ಅದು ನಮ್ಮ ದೀಪು ಮನೆಗೆ ಬರುವ ಹೊತ್ತು."

ಕಪಾಟಿನಿಂದ ಬಟ್ಟೆಯ ಗಂಟೊಂದನ್ನು ತಂದರು. ಅದರಲ್ಲಿ ದೀಪಕನ ಫೋನು, ನುಚ್ಚುನೂರಾಗಿತ್ತು. ಜೊತೆಗೆ ಅದರ ಡಬ್ಬಿ. ಪ್ರತಿ ಫೋನಿಗೂ ನೆಟ್‌ವರ್ಕಿನಲ್ಲಿ ಅದರದ್ದೇ ಒಂದು ಸಂಖ್ಯೆ ಇರುತ್ತದೆ. ಡಬ್ಬಿಯ ಮೇಲಿನದ್ದನ್ನೂ ಪರದೆಯ ಮೇಲಿನದ್ದನ್ನೂ ಹೋಲಿಸಿ ನೋಡಿದೆ. ಒಂದೂ ವ್ಯತ್ಯಾಸವಿರಲಿಲ್ಲ.

"ಮೊದಲಿನ ಹಾಗೇ ಮಾಡು ಮಗಾ. ಬೇಗ ಮಾಡು."

"ಹಳೇ ಪಾಸ್‌ವರ್ಡ್ ಏನು ಜಲಜಕ್ಕ?"

ಅಕ್ಕ, ತಮ್ಮ ಇಬ್ಬರೂ ಮುಖ ಮುಖ ನೋಡಿಕೊಂಡರು. "ಅದನ್ನು ಇಟ್ಟದ್ದು ದೀಪುವೇ," ಎಂದರು ಉಮೇಶಣ್ಣ. "ನಮ್ಮ ಫೋನಿಗೂ ಅವನೇ ಹಾಕಿ ಕೊಟ್ಟದ್ದು. ನಮಗೆ ಗೊತ್ತಿಲ್ಲ ಮಾರಾಯ."

ಅಯ್ಯೋ ದೇವರೇ... ರೂಟರು, ಇವರ ಎರಡು ಫೋನು, ಅದು ಉಳಿದಿದ್ದ ಮೂರು ಜಾಗದಿಂದಲೂ ನನ್ನ ಕೈಯಾರೆ ಅಳಿಸಿದ್ದೆ.

ಹುಟ್ಟಿದ ದಿನ ಹಾಕಿ ನೋಡಿದೆವು. ಬೈಕಿನ ನಂಬರು, ಕ್ರಿಕೆಟ್ ತಂಡದ ಹೆಸರು, ಅಮ್ಮನ ಹೆಸರು. ಪಾಸ್‌ವರ್ಡ್ ಇಲ್ಲದೆಯೂ ಬಿಟ್ಟು ನೋಡಿದೆವು. ತಿಂಗಳುಗಟ್ಟಲೆ ಹೀಗೇ ನಡೆಯಿತು. ದಿನವೂ ಏಳೂವರೆಗೆ ಜಲಜಕ್ಕ ಫೋನ್ ಮಾಡಿ, "ಬಂದನಾ?" ಎಂದು ಕೇಳುತ್ತಿದ್ದರು. ನಾನು ನನ್ನ ಮನೆಯಿಂದಲೇ ಲ್ಯಾಪ್‌ಟಾಪಿನಲ್ಲಿ ನೋಡಿ, "ಇಲ್ಲ ಜಲಜಕ್ಕ," ಎನ್ನುತ್ತಿದ್ದೆ. ಪಟ್ಟಿಯಲ್ಲಿ ಯಾವಾಗಲೂ ಎರಡೇ ಫೋನು.

ಮೊನ್ನೆ ಅವರೇ ನನ್ನನ್ನು ಮನೆಗೆ ಕರೆಸಿದರು. ಬಯ್ಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ಹುಡುಕಿದ್ದು ಸಾಕು ಮಗಾ. ಹೊಸತನ್ನು ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದು ಕೊಡ್ತೀಯಾ? ಬರುವ ಆಟಿಗೆ ಅವನ ಎಲೆಯ ಬದಿಯಲ್ಲಿ ಇಡ್ತೇನೆ."

ಬರೆದು ಕೊಟ್ಟೆ. ಎರಡು ಚೀಟಿ ಹಾಳಾದವು. ಅವನು ಇನ್ನು ಬರುವುದಿಲ್ಲವೆಂದು ನನಗನ್ನಿಸುತ್ತದೆ. ಚೀಟಿಯನ್ನು ಮಡಚುವಾಗ ಜಲಜಕ್ಕನಿಗೂ ಹಾಗೇ ಅನ್ನಿಸಿರಬೇಕು, ಅವರು ನನ್ನ ಮುಖ ನೋಡಲಿಲ್ಲ.